ಲಂಗರು ಹಾಕದ ಕಲ್ಲು

ತ್ರಾಸಿಯ ಕಡಲದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ಮಳೆಗಾಲ ಕಳೆದ ತಿಳಿ ದಿನಗಳಲ್ಲಿ, ದಿಗಂತದ ಗೆರೆಗೆ ಸ್ವಲ್ಪ ಈಚೆಗೆ ಒಂದು ಬಿಳಿಯ ಚುಕ್ಕೆ ಕಾಣಿಸುತ್ತದೆ. ಅದು ದೋಣಿಯಲ್ಲ, ನೊರೆಯೂ ಅಲ್ಲ. ಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗಾದ ಬಂಡೆಯ ನೆತ್ತಿ. ನೀರಿನ ಮೇಲೆ ಕಾಣುವುದು ಒಂದು ಮನೆಯಂಗಳದಷ್ಟು. ನೀರಿನ ಅಡಿಯಲ್ಲಿ ಹರಡಿಕೊಂಡಿರುವುದು ಒಂದು ಊರಿನಷ್ಟು. ನಕಾಶೆಯಲ್ಲಿ ಅದಕ್ಕೆ ಹೆಸರಿದೆಯೋ ಇಲ್ಲವೋ ನಾನರಿಯೆ. ನಮ್ಮ ದಂಡೆಯ ಮೀನುಗಾರರು ಅದನ್ನು ಬರಿದೇ ‘ಕಲ್ಲು’ ಎನ್ನುತ್ತಿದ್ದರು. ‘ಕಲ್ಲಿಗೆ ಹೋದರು’ ಎಂದರೆ ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ನಾನು ಹುಟ್ಟಿದ್ದು ಕೋಟದಲ್ಲಿ, ಮೀನಿನ ವಾಸನೆ ಬಂದರೆ ಕಿಟಕಿ ಮುಚ್ಚುವ ಮನೆಯಲ್ಲಿ. 1997ರಲ್ಲಿ ಹೆಮ್ಮಾಡಿಯ ಕಡೆಯ ಒಂದು ಪ್ರೌಢಶಾಲೆಗೆ ಕನ್ನಡದ ಅಧ್ಯಾಪಕಿಯಾಗಿ ಬಂದಾಗ ನನಗೆ ಬಾಡಿಗೆಗೆ ಸಿಕ್ಕ ಮನೆ, ವಿಧಿಯ ತಮಾಷೆಯೆಂಬಂತೆ, ತ್ರಾಸಿಯಲ್ಲಿ ಹೆದ್ದಾರಿಯಿಂದ ಕಡಲಿಗಿಳಿಯುವ ಓಣಿಯಲ್ಲಿತ್ತು. ಆ ಓಣಿಯ ಕೊನೆಯ ಮನೆ ಗುರಿಕಾರರದು. ಗುರಿಕಾರರೆಂದರೆ ಮೀನುಗಾರರ ಕೇರಿಯ ಹಿರಿಯರು. ಮದುವೆಯಿರಲಿ, ಜಗಳವಿರಲಿ, ಸಮುದ್ರಪೂಜೆಯಿರಲಿ, ಅಲ್ಲಿ ಮೊದಲ ಮಾತೂ ಕೊನೆಯ ಮಾತೂ ಅವರದೇ. ಅವರ ಹೆಂಡತಿ ಪ್ರತಿದಿನ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ನನ್ನ ಗೇಟಿನ ಮುಂದಿನಿಂದಲೇ ಹಾದುಹೋಗುತ್ತಿದ್ದರು.

“ಹ್ವಾಯ್ ಟೀಚ್ರೆ, ಒಳ್ಳೆ ಮುರು ಮೀನ್ ಇತ್ತ್. ಬೇಡ ಅಲ್ದಾ?”

“ಬೇಡಮ್ಮ.”

“ನಂಗೊತ್ತಿತ್ತ್. ಆದ್ರೂ ಕೇಂಬುದ್ ನನ್ ಧರ್ಮ. ನಾಳೆಯೂ ಕೇಂತೆ.”

ನಾಳೆಯೂ ಕೇಳುತ್ತಿದ್ದರು. ಹೀಗೆ, ಕೊಳ್ಳದ ಗಿರಾಕಿಗೂ ಮಾರದ ವ್ಯಾಪಾರಿಗೂ ನಡುವೆ ಬೆಳೆಯಬಹುದಾದ ಸ್ನೇಹ ನಮ್ಮಿಬ್ಬರ ನಡುವೆ ಬೆಳೆಯಿತು.

ಗುರಿಕಾರರದು ಗಾಳದ ಕಸುಬು. ಕಲ್ಲಿನ ಮೇಲೆ ದೋಣಿ ನಿಲ್ಲಿಸಿ, ಲಂಗರು ಇಳಿಸಿ, ಬಂಡೆಯ ಸಂದುಗಳಲ್ಲಿ ಅಡಗಿರುವ ಮುರು ಮೀನನ್ನೂ ಕೆಂಬೇರಿಯನ್ನೂ ಒಂದೊಂದಾಗಿ ಹಿಡಿಯುವ ನಿಧಾನದ ಕೆಲಸ. ಅಲ್ಲಿ ಬಲೆ ಬಿಟ್ಟರೆ ಬಂಡೆಗೆ ಸಿಕ್ಕಿ ಹರಿದುಹೋಗುತ್ತದೆ. ಆದ್ದರಿಂದ ದೊಡ್ಡ ಟ್ರಾಲ್ ದೋಣಿಗಳು ದೂರದಿಂದಲೇ ಸುತ್ತಿ ಹೋಗುತ್ತಿದ್ದವು. ಸುತ್ತಲಿನ ಕಡಲನ್ನೆಲ್ಲ ಬಲೆಗಳು ಗುಡಿಸಿ ಹಾಕಿದರೂ ಮೀನು ಮೊಟ್ಟೆಯಿಡುವುದಕ್ಕೆ, ಮರಿಗಳು ಬೆಳೆಯುವುದಕ್ಕೆ ಒಂದು ಜಾಗ ಉಳಿದಿತ್ತೆಂದರೆ ಅದು ಕಲ್ಲು. ಅದು ಉಳಿದರೆ ಕೇರಿಯ ಗಾಳದವರು ಉಳಿಯುತ್ತಾರೆ, ಅದು ಹೋದರೆ ಅವರೂ ಮುಂಬೈಯ ಹೋಟೆಲುಗಳಲ್ಲಿ ತಟ್ಟೆ ತೊಳೆಯಲು ಹೋಗಬೇಕು. ಇದನ್ನು ಗುರಿಕಾರರು ನನಗೆ ಮೊದಲ ಸಲ ಹೇಳಿದ್ದು ಒಂದು ಬೆಳಗಿನ ವಾಯುವಿಹಾರದಲ್ಲಿ, ಸತ್ತುಬಿದ್ದ ಒಂದು ಕಡಲಾಮೆಯ ಮುಂದೆ.

ಅದರ ಮೈಮೇಲೆ ಗಾಯವಿರಲಿಲ್ಲ. ಅಲೆಯಂಚಿನ ಉದ್ದಕ್ಕೂ ಬಿದ್ದಿದ್ದ ಸಣ್ಣ ಮೀನುಗಳ ಮೇಲೂ ಗಾಯವಿರಲಿಲ್ಲ. ಕಣ್ಣುಗಳು ಮಾತ್ರ ಹೊರಗೆ ಬಂದಿದ್ದವು. ಗುರಿಕಾರರು ಒಂದು ಮೀನನ್ನೆತ್ತಿ ಹೊಟ್ಟೆಯನ್ನು ಒತ್ತಿದರು. ಅದು ಹಣ್ಣಾದ ಹಾಗೆ ಮೆತ್ತಗಿತ್ತು.

“ತೋಟೆ,” ಎಂದರು.

ಬಂಡೆ ಒಡೆಯಲು ಬಳಸುವ ಸಿಡಿಮದ್ದಿನ ತುಂಡಿಗೆ ನಮ್ಮಲ್ಲಿ ಆ ಹೆಸರು. ಬೇರೆ ಊರುಗಳಿಂದ ಒಂದೆರಡು ದೋಣಿಗಳು ಬಂದು ಕಲ್ಲಿನ ಸುತ್ತ ಅದನ್ನು ಎಸೆಯತೊಡಗಿದ್ದವಂತೆ.

“ಹತ್ತ್ ಮೀನ್ ಮೇಲ್ ತೇಲತ್ತ್, ನೂರ್ ಮೀನ್ ಅಡಿಗ್ ಹೋತ್ತ್. ಮೊಟ್ಟೆ, ಮರಿ ಲೆಕ್ಕವೇ ಇಲ್ಲೆ. ಹಿಂಗೆ ಎರಡ್ ವರ್ಷ ಆಯ್ತಂದ್ರೆ ಕಲ್ಲ್ ಬರೀ ಕಲ್ಲೇ ಅಪ್ಪುದ್, ಟೀಚ್ರೆ.”

ದೂರು ಕೊಟ್ಟದ್ದಾಯಿತು. ಅಧಿಕಾರಿಗಳು ಬಂದು ದಂಡೆಯಲ್ಲಿ ನಿಂತು ಬಿಳಿಯ ಚುಕ್ಕೆಯನ್ನು ನೋಡಿ, ಅಲ್ಲಿಯ ತನಕ ಹೋಗಿ ಕಾಯಲು ತಮ್ಮಲ್ಲಿ ದೋಣಿಯಿಲ್ಲವೆಂದು ಸೌಜನ್ಯದಿಂದಲೇ ಹೇಳಿ ಹೋದರು. ಅದು ಸುಳ್ಳಾಗಿರಲಿಲ್ಲ.

ಮರುವರ್ಷ ನೂಲ ಹುಣ್ಣಿಮೆಯ ಸಮುದ್ರಪೂಜೆಗೆ ನಾನೂ ಹೋಗಿದ್ದೆ. ಮಳೆಗಾಲದ ಬಿಡುವಿನ ಬಳಿಕ ಕಡಲಿಗಿಳಿಯುವ ಮೊದಲು ಹಾಲೆರೆದು, ತೆಂಗಿನಕಾಯಿ ಅರ್ಪಿಸಿ, ಕಡಲನ್ನು ಕೇಳಿಕೊಳ್ಳುವ ದಿನ ಅದು. ಅಕ್ಕಪಕ್ಕದ ಊರುಗಳ ಮೀನುಗಾರರೂ ಸೇರಿದ್ದರು. ಪೂಜೆ ಮುಗಿದ ಮೇಲೆ ಗುರಿಕಾರರು ಮರಳ ದಿಬ್ಬದ ಮೇಲೆ ನಿಂತು, ಎಂದೂ ಎತ್ತದ ದನಿಯನ್ನೆತ್ತಿ ಹೇಳಿದರು:

“ಎಲ್ರೂ ಕೇಣಿ. ಕಲ್ಲ್ ನಮ್ದಲ್ಲ. ಅದ್ ಬೊಬ್ಬರ್ಯಂದ್. ಇನ್ನ್ ಮೇಲೆ ಅಲ್ಲಿ ತೋಟೆ ಹಾಕ್ದವ್ನ್ ದೋಣಿ ದಡಕ್ ಬಪ್ಪುದಿಲ್ಲೆ.”

ಬೊಬ್ಬರ್ಯನು ಕಡಲಿಗಿಳಿಯುವವರನ್ನು ಕಾಯುವ ದೈವ. ಕಾನೂನಿಗೆ ಅಂಜದಿದ್ದವರು ಆ ಮಾತಿಗೆ ಅಂಜಿದರು. ಅವರು ಅಂಜದಿದ್ದರೂ ಅವರ ತಾಯಂದಿರು ಅಂಜಿದರು, ಅಷ್ಟು ಸಾಕಾಯಿತು. ಆ ವರ್ಷ ತೋಟೆ ನಿಂತಿತು.

ಕೆಲವು ವಾರಗಳ ಬಳಿಕ ಗುರಿಕಾರರು ನನ್ನ ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದಾಗ ಕೇಳಿದೆ:

“ದೈವ ಹಾಗೆ ಹೇಳಿತೇ?”

ಅವರು ಲೋಟವನ್ನು ಕೆಳಗಿಟ್ಟು ಮೀಸೆ ಒರೆಸಿಕೊಂಡರು.

“ಹೇಳದ್ದ್ ನಾನ್. ದೈವ ಬೇಡ ಅನ್ಲಿಲ್ಲೆ.”

ಇದನ್ನು ಅವರು ಬೇರೆ ಯಾರೊಡನೆಯೂ ಹೇಳಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಮೀನಿನ ಸುದ್ದಿಗೆ ಸಂಬಂಧವಿಲ್ಲದ ಮನೆಯೆಂದೇ ನನ್ನ ಜಗಲಿಯನ್ನು ಆರಿಸಿಕೊಂಡಿದ್ದಿರಬೇಕು.

ನಾಲ್ಕೈದು ವರ್ಷಗಳಲ್ಲಿ ಕಲ್ಲು ಮತ್ತೆ ತುಂಬಿಕೊಂಡಿತು. ಗುರಿಕಾರರ ಹೆಂಡತಿಯ ಬುಟ್ಟಿ ಗೇಟಿನ ಮುಂದೆ ಹಾದುಹೋಗುವಾಗ ಅದರ ಭಾರಕ್ಕೆ ಅವರ ನಡಿಗೆಯೇ ಬೇರೆಯಾಗಿರುತ್ತಿತ್ತು. ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನಮ್ಮವರಿಗೆ ಒಂದು ಸ್ವಭಾವವಿದೆ. ಯಾವುದನ್ನು ದೂರವಿಡಬೇಕೆಂದು ದೈವದ್ದೆನ್ನುತ್ತೇವೆಯೋ, ದೈವದ್ದೆಂದ ಕೂಡಲೇ ಅದರ ಹತ್ತಿರ ಹೋಗದೆ ಇರಲಾರೆವು. ಮೊದಲಿಗೆ ಯಾರೋ ಹರಕೆ ಹೊತ್ತು ಕಲ್ಲಿಗೆ ಹೋಗಿ ತೆಂಗಿನಕಾಯಿ ಒಡೆದು ಬಂದರು. ಅವರ ಮನೆಯಲ್ಲಿ ಒಳ್ಳೆಯದಾಯಿತು. ಮುಂದಿನ ವರ್ಷ ನಾಲ್ಕು ದೋಣಿ. ಬಳಿಕ ಬೈಂದೂರಿನಿಂದ, ಬ್ರಹ್ಮಾವರದಿಂದ ಜೀಪು ಮಾಡಿಕೊಂಡು ಬರುವವರು. ಯಂತ್ರದ ದೋಣಿಗಳು ಹೆಚ್ಚಿದ್ದರಿಂದ ಒಂದು ಬೆಳಗಿನೊಳಗೆ ಹೋಗಿ ಬರಬಹುದಾಗಿತ್ತು. ದಂಡೆಯಲ್ಲಿ ನಡೆಯುತ್ತಿದ್ದ ಪೂಜೆಯ ಅರ್ಧ ಭಾಗ ಕಲ್ಲಿಗೇ ಸ್ಥಳಾಂತರಗೊಂಡಿತು. ಗುರಿಕಾರರೇ ಮುಂದಿನ ದೋಣಿಯಲ್ಲಿ ಕುಳಿತು ಹೋಗಬೇಕಾಗುತ್ತಿತ್ತು.

ಒಂದು ವರ್ಷ ಅವರ ಹೆಂಡತಿ ನನ್ನನ್ನೂ ಬಿಡಲಿಲ್ಲ.

“ಮೀನ್ ತಿನ್ನದಿದ್ರೆ ಅಡ್ಡಿಲ್ಲೆ, ಮೀನಿನ್ ಮನಿ ಕಾಂಬುಕಾರೂ ಬನ್ನಿ.”

ಹೋದೆ. ಹತ್ತಿರವಾದಂತೆ ಕಲ್ಲು ಕೂಗತೊಡಗಿತು, ಅಷ್ಟು ಹಕ್ಕಿಗಳಿದ್ದವು. ದೋಣಿಗಳು ಕಡಲಿಗಿಳಿಯದ ಮಳೆಗಾಲದಲ್ಲಿ ಆ ಕಡಲಹಕ್ಕಿಗಳು ಬರಿಗಲ್ಲಿನ ಮೇಲೆಯೇ ಮೊಟ್ಟೆಯಿಡುತ್ತವೆ. ನೂಲ ಹುಣ್ಣಿಮೆಯ ಹೊತ್ತಿಗೆ ಮರಿಗಳು ಇನ್ನೂ ಹಾರಲು ಕಲಿತಿರುವುದಿಲ್ಲ. ನಮ್ಮ ದೋಣಿಯವರು ಬಂಡೆಗೆ ಹಾರಿ, ಬಾವುಟ ನೆಟ್ಟು, ಗರ್ನಾಲು ಪಟಾಕಿ ಹಚ್ಚಿದರು. ದೊಡ್ಡ ಹಕ್ಕಿಗಳು ಒಂದೇ ಸಲಕ್ಕೆ ಎದ್ದವು. ಬೂದುಬಣ್ಣದ ಮರಿಗಳು ಓಡಿದವು. ಓಡಲು ಅಲ್ಲಿ ಜಾಗವೆಷ್ಟು? ಅಂಚಿನವರೆಗೆ ಹೋಗಿ ನೀರಿಗೆ ಬಿದ್ದವು. ಒಂದು ನಮ್ಮ ದೋಣಿಯ ಪಕ್ಕದಲ್ಲಿಯೇ ರೆಕ್ಕೆ ಬಡಿಯುತ್ತಿತ್ತು. ನಾನು ಕೈ ಚಾಚುವಷ್ಟರಲ್ಲಿ ಅಲೆ ಅದನ್ನು ಬಂಡೆಯಡಿಗೆ ಒಯ್ದಿತು.

ಬಗ್ಗಿದ್ದ ಹಾಗೆಯೇ ನೀರಿನೊಳಗೆ ನೋಡಿದೆ. ಆ ಬೆಳಿಗ್ಗೆ ನೀರು ಸ್ವಲ್ಪ ತಿಳಿಯಾಗಿತ್ತು. ಅಡಿಯಲ್ಲಿ ಕಂದು, ನೇರಳೆ, ಹಳದಿ ಪೊದೆಗಳಂತೆ ಹವಳ ಬೆಳೆದಿತ್ತು. ಅದರ ನಡುವೆ ಉದ್ದುದ್ದಕ್ಕೆ ಬಿಳಿಯ ಗೀರುಗಳು. ಏನೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ದೋಣಿ ಅಲೆಗೆ ಸರಿಯಿತು. ಅದರ ಲಂಗರು ನನ್ನ ಕಣ್ಣೆದುರೇ ಒಂದು ಪೊದೆಯನ್ನು ಬುಡಸಹಿತ ಮಗುಚಿ ಮುಂದಕ್ಕೆ ಎಳೆದುಕೊಂಡು ಹೋಯಿತು. ಹೊಸದೊಂದು ಗೀರು ಮೂಡಿತು. ಆ ದಿನ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ದೋಣಿಗಳಿದ್ದವು. ಕರ್ಪೂರದ ಪೊಟ್ಟಣಗಳ ಪ್ಲಾಸ್ಟಿಕ್ ಹೊದಿಕೆಗಳು ಸಣ್ಣ ಜೆಲ್ಲಿಮೀನುಗಳ ಹಾಗೆ ತೇಲುತ್ತಿದ್ದವು.

ಮರಳಿ ದಂಡೆಗಿಳಿದ ಮೇಲೆ ಗುರಿಕಾರರು ನನ್ನೊಬ್ಬಳಿಗೇ ಕೇಳುವ ಹಾಗೆ, “ತೋಟೆ ಹಾಕುವವ್ರ್ದ್ ಎರಡೇ ದೋಣಿ ಇದ್ದಿತ್,” ಎಂದರು.

ಇದಾದ ಮರುವರ್ಷ ಮುಂಬೈಯಿಂದ ಒಬ್ಬರು ಬಂದರು. ಅವರು ನಮ್ಮ ಕೇರಿಯವರೇ. ಅವರ ತಂದೆ ಗಾಳದವರು. ಮಗ ಚಿಕ್ಕವನಿದ್ದಾಗ ಕಲ್ಲಿಗೆ ಹೋದವರು ಮರಳಿ ಬರಲಿಲ್ಲ, ದೇಹವೂ ಸಿಗಲಿಲ್ಲ. ಮಗ ಮುಂಬೈ ಸೇರಿ, ಲೋಟ ತೊಳೆದು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಕೊನೆಗೆ ಸ್ವಂತ ಹೋಟೆಲು ಮಾಡಿದ್ದರು. ತಂದೆಗೆ ಸಮಾಧಿಯೆಂಬುದು ಇಲ್ಲದ ಆ ಮನುಷ್ಯನಿಗೆ ಕಲ್ಲಿನ ಮೇಲೆ ಬೊಬ್ಬರ್ಯನ ಗುಡಿ ಕಟ್ಟಿಸುವ ಆಸೆ.

“ಸಿಮೆಂಟ್, ಕಬ್ಣ, ಕೆಲ್ಸದವ್ರ್, ಎಲ್ಲ ನಂದ್,” ಎಂದು ಅವರು ಗುರಿಕಾರರ ಅಂಗಳದಲ್ಲಿ ನಿಂತು ಹೇಳಿದ್ದು ನಮ್ಮ ಮನೆಗೂ ಕೇಳಿಸಿತು. “ಬಂಡೆ ನೆತ್ತಿ ಒಂಚೂರ್ ಸಪಾಟ್ ಮಾಡ್ರೆ ಆಯ್ತ್. ಲೈಟ್ ಹಾಕ್ಸುವ, ದೋಣಿ ಕಟ್ಟುಕೆ ಕಂಬ ಹಾಕ್ಸುವ. ಏಕ್‌ದಮ್ ಪಕ್ಕಾ ಗುಡಿ. ನೀವ್ ಹೂಂ ಅನ್ನಿ, ಸಾಕ್.”

ಕೇರಿಗೆ ಕೇರಿಯೇ ಹೂಂ ಅಂದಿತ್ತು. ಉಳಿದದ್ದು ಗುರಿಕಾರರ ಮಾತು.

ಅವರು ಸಂಜೆ ನನ್ನ ಜಗಲಿಗೆ ಬಂದರು. ಮಜ್ಜಿಗೆ ಬೇಡವೆಂದರು. ಗುಡಿಯಾದರೆ ಹಕ್ಕಿಗಳಿಗೆ ಜಾಗವಿಲ್ಲ, ದಿನವೂ ದೋಣಿ, ದಿನವೂ ಲಂಗರು. ಹತ್ತು ವರ್ಷಗಳ ಹಿಂದೆ ತೋಟೆ ಮಾಡಲಾಗದೆ ಬಿಟ್ಟುಹೋದ ಕೆಲಸವನ್ನು ಭಕ್ತಿ ಪೂರೈಸುತ್ತದೆ. ಇದಿಷ್ಟೂ ನಮ್ಮಿಬ್ಬರಿಗೂ ಗೊತ್ತಿದ್ದುದರಿಂದ ಅದನ್ನು ಆಡಿ ಹೊತ್ತು ಕಳೆಯಲಿಲ್ಲ. ನನಗೆ ತೋಚಿದ ಉಪಾಯ ಸರಳವಾಗಿತ್ತು.

“ದೈವಕ್ಕೆ ಗುಡಿ ಬೇಡವಂತೆ ಎಂದುಬಿಡಿ. ಮೊದಲೂ ಹಾಗೆಯೇ ತಾನೆ ನಿಲ್ಲಿಸಿದ್ದು?”

ಅವರು ತಲೆಯಾಡಿಸಿದರು.

“ಒಂದ್ಸಲ ದೈವದ್ ಹೆಸ್ರಂಗೆ ಹೇಳ್ದೆ. ಅದ್ ಕಷ್ಟ ಕಾಲ. ಎರಡ್ನೇ ಸಲ ಹೇಳ್ರೆ ಅದ್ ಚಟ ಆತ್ತ್, ಟೀಚ್ರೆ.”

“ಮತ್ತೇನು ಮಾಡುತ್ತೀರಿ?”

“ಇದ್ದದ್ ಇದ್ದಾಂಗೆ ಹೇಳ್ತೆ.”

“ನಿಮ್ಮನ್ನು ಗುರಿಕಾರರೆಂದು ಮುಂದೆ ಯಾರು ಕರೆಯುತ್ತಾರೆ?”

“ಕರೀದಿದ್ರೆ ಬೇಡ. ಹೆಸ್ರ್ ಇತ್ತಲೆ, ಅದ್ರಂಗೇ ಕರೀಲಿ.”

ಸಭೆ ಸೇರಿದ್ದು ಭಜನಾ ಮಂದಿರದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಗಂಡಸರು ಒಳಗೆ ಚಾಪೆಯ ಮೇಲೆ, ಹೆಂಗಸರು ಹೊರಜಗಲಿಯಲ್ಲಿ. ನಾನು ಗುರಿಕಾರರ ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದೆ. ಮುಂಬೈಯವರು ಗುಡಿಯ ಚಿತ್ರವನ್ನೇ ಬರೆಸಿ ತಂದಿದ್ದರು. ಅದು ಕೈಯಿಂದ ಕೈಗೆ ದಾಟಿ ಮೆಚ್ಚುಗೆ ಪಡೆದು ಗುರಿಕಾರರ ಬಳಿಗೆ ಬಂತು. ಅವರು ಅದನ್ನು ಮಡಿಸದೆ ಪಕ್ಕದಲ್ಲಿಟ್ಟು ಎದ್ದು ನಿಂತರು.

“ಕಲ್ಲ್ ಬೊಬ್ಬರ್ಯಂದ್ ಅಂದ್ ಹೇಳದ್ದ್ ಯಾರ್?”

“ನೀವೇ,” ಎಂದರು ಹಲವರು.

“ಹೌದ್. ನಾನೇ. ದೈವ ನಂಗೆ ಎಂತದೂ ಹೇಳ್ಲಿಲ್ಲೆ. ಕನ್ಸಂಗೂ ಬರ್ಲಿಲ್ಲೆ. ತೋಟೆ ನಿಲ್ಸುಕೆ ಬೇರೆ ದಾರಿ ಕಾಣ್ಲಿಲ್ಲೆ, ಅದ್ಕೆ ಹೇಳ್ದೆ. ಅಲ್ಲಿ ಗುಡಿ ಕಟ್ಟುಕೆ ದೈವದ್ ಕಾರಣ ಇಲ್ಲೆ. ಇಪ್ಪುದ್ ಮೀನ್, ಹಕ್ಕಿ, ಆಮಿ.”

ಮುಂಬೈಯವರ ಮುಖ ಕಪ್ಪಿಟ್ಟಿತು. ಯಾರಾದರೂ ಒಂದು ಕೆಟ್ಟ ಮಾತನ್ನಾಡಿಯೇ ಆಡುತ್ತಾರೆಂದು ನಾನು ತಲೆ ತಗ್ಗಿಸಿ ಕುಳಿತೆ. ಆದರೆ ಮೊದಲ ಮಾತು ಬಂದದ್ದು ನನ್ನ ಪಕ್ಕದಿಂದಲೇ.

“ಅದೆಲ್ಲ ಸುಮ್ನೆ!” ಗುರಿಕಾರರ ಹೆಂಡತಿ ಎದ್ದು ಬಾಗಿಲಿಗೆ ಹೋಗಿ ನಿಂತಿದ್ದರು. “ಮೂವತ್ತ್ ವರ್ಷ ಆಯ್ತ್ ನಾನ್ ಇವ್ರ್ ಸಂಗ್ತಿ ಸಂಸಾರ ಮಾಡೂಕೆ ಹಿಡ್ದ್. ಇವ್ರಿಗೆ ಸುಳ್ಳ್ ಹೇಳೂಕೆ ಬತ್ತಿಲ್ಲೆ. ಅವತ್ತ್ ಹೇಳದ್ದ್ ನಿಜವೇ!”

ಒಳಗಿನಿಂದ ಒಬ್ಬರು ಕೆಣಕಿದರು: “ಹಾಂಗಾರೆ ಈಗ ಹೇಳದ್ದ್ ಸುಳ್ಳನಾ ಅತ್ಗೆ?”

“ಸುಳ್ಳಲ್ಲ. ಇವ್ರಿಗ್ ಗೊತ್ತಿಲ್ಲೆ, ಅಷ್ಟೆ. ದೈವ ಹೇಳ್ಸದ್ದ್ ಇವ್ರ್ ಬಾಯಂಗೆ. ಇವ್ರನ್ ಕೇಂಡ್ಕಂಡ್ ಹೇಳ್ಸೂಕೆ ದೈವಕ್ಕೆ ಬೇರೆ ಕೆಲ್ಸ ಇಲ್ಯಾ?”

ನಗು ಎದ್ದಿತು. ಆದರೆ ಅದು ಅಲ್ಲಗಳೆಯುವ ನಗುವಾಗಿರಲಿಲ್ಲ. ಹಿರಿಯರು ತಲೆದೂಗುತ್ತಿದ್ದರು. ತೋಟೆ ನಿಂತದ್ದು, ಮೀನು ತುಂಬಿದ್ದು ಎಲ್ಲರೂ ಕಂಡ ಸತ್ಯ. ಅದಕ್ಕೆ ಗುರಿಕಾರರ ಜಾಣತನ ಕಾರಣವೆಂದು ಒಪ್ಪುವುದಕ್ಕಿಂತ ದೈವದ ಕೃಪೆ ಕಾರಣವೆಂದು ಒಪ್ಪುವುದು ಅವರಿಗೆ ಹೆಚ್ಚು ನ್ಯಾಯವಾಗಿ ಕಂಡಿತು. ಸತ್ಯ ಹೇಳಿ ಮರ್ಯಾದೆ ಕಳೆದುಕೊಳ್ಳಲು ಸಿದ್ಧರಾಗಿ ಬಂದಿದ್ದ ಆ ಮನುಷ್ಯ, ಕಳೆದುಕೊಳ್ಳಲಾಗದೆ ನಿಂತುಬಿಟ್ಟರು. ಅಂಥ ಅಸಹಾಯಕತೆಯನ್ನು ನಾನು ಇನ್ನೊಬ್ಬರ ಮುಖದಲ್ಲಿ ಕಂಡಿಲ್ಲ.

ಬಳಿಕ ಅವರು ಹೆಂಡತಿಯನ್ನು ನೋಡಿದರು, ಸಭೆಯನ್ನು ನೋಡಿದರು.

“ಆಯ್ತ್. ಅದ್ ದೈವ ಹೇಳದ್ದಾ, ನಾನ್ ಹೇಳದ್ದಾ, ನೀವ್ ನೀವೇ ತೀರ್ಮಾನ ಮಾಡ್ಕಣಿ. ಈಗ ಹೇಳೂದ್ ಮಾತ್ರ ನಾನ್. ಪೂಜಿ ದಡದಲ್ಲೇ ಆಯ್ಕ್. ಕಲ್ಲಿನ್ ಮೇಲೆ ಯಾರೂ ಕಾಲ್ ಇಡೂಕಾಗ. ಕಲ್ಲಿನ್ ಸುತ್ತ ಯಾರೂ ಲಂಗ್ರ್ ಬಿಡೂಕಾಗ.”

ಈ ಸಲ ಎದ್ದವರು ಗಾಳದವರೊಬ್ಬರು. “ಲಂಗ್ರ್ ಬಿಡದ್ದೆ ಗಾಳ ಹಾಕೂದ್ ಹ್ಯಾಂಗೆ ಗುರಿಕಾರ್ರೆ? ದೋಣಿ ನಿಲ್ಲತ್ತಾ?”

“ನಿಲ್ಲತ್ತಿಲ್ಲೆ.”

“ಹಾಂಗಾರೆ ನಮ್ ಗಾಳ?”

“ನನ್ನದೂ ಹೋತ್ತಲೆ,” ಎಂದರು ಗುರಿಕಾರರು.

ಆ ಮಾತಿನ ಬಳಿಕ ವಾದ ಬೆಳೆಯಲಿಲ್ಲ. ಕಲ್ಲು ತುಂಬಿದ್ದರೆ ಅದರಿಂದ ಹೊರಬರುವ ಮೀನು ಸುತ್ತಲಿನ ನೀರಿಗೆ ಬಂದೇ ಬರುತ್ತದೆ, ಅಲ್ಲಿ ಹಿಡಿಯಬಹುದು ಎಂದು ಯಾರೋ ಹೇಳಿದರು; ಬರುವ ತನಕ ತಿನ್ನುವುದೇನು ಎಂದು ಇನ್ನಾರೋ ಕೇಳಿದರು. ಎರಡೂ ಸರಿಯಾದ ಮಾತುಗಳೇ. ಮುಂಬೈಯವರು ಗುಡಿಯ ಚಿತ್ರವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಹೊರಟುಹೋದರು.

ಮುಂದಿನ ವರ್ಷಗಳು ಸುಲಭವಾಗಿರಲಿಲ್ಲ. ಇಬ್ಬರು ಗಾಳದವರು ಕಸುಬು ಬಿಟ್ಟು ಗಂಗೊಳ್ಳಿಯ ದೊಡ್ಡ ದೋಣಿಗಳಿಗೆ ಕೂಲಿಗೆ ಸೇರಿದರು. ಗುರಿಕಾರರು ಕಲ್ಲಿನ ಆಸೆ ಬಿಟ್ಟು ದಡದ ಹತ್ತಿರವೇ ಸಣ್ಣ ಬಲೆ ಬಿಡತೊಡಗಿದರು. ಸಿಕ್ಕ ದಿನ ಸಿಕ್ಕಿತು. ಅವರ ಹೆಂಡತಿ ಬೆಳಗಿನ ಬಸ್ಸಿನಲ್ಲಿ ಗಂಗೊಳ್ಳಿಗೆ ಹೋಗಿ, ಬೇರೆಯವರ ಬಂಗುಡೆಯನ್ನು ಕೊಂಡು ತಂದು ಮಾರತೊಡಗಿದರು. ಗೇಟಿನ ಮುಂದೆ ನಿಂತು ಕೇಳುವುದನ್ನು ಮಾತ್ರ ಬಿಡಲಿಲ್ಲ. “ಇದ್ ಮನಿ ಮೀನಲ್ಲ ಟೀಚ್ರೆ, ಪ್ಯಾಟಿ ಮೀನ್. ನೀವ್ ತಕಣದಿದ್ರೇ ಒಳ್ಳೇದ್.” ನಾನು ನಗುತ್ತಿದ್ದೆ, ಅವರ ಸೊಂಟದ ನೋವಿನ ವಿಷಯ ನನಗೆ ಗೊತ್ತಿದ್ದುದರಿಂದ ಆ ನಗು ಪೂರ್ತಿಯಾಗುತ್ತಿರಲಿಲ್ಲ. ಕಲ್ಲನ್ನು ಉಳಿಸಿದ್ದರ ಬೆಲೆಯನ್ನು ತೆತ್ತದ್ದು ಯಾವ ಇಲಾಖೆಯೂ ಅಲ್ಲ, ಯಾವ ಸಂಘವೂ ಅಲ್ಲ. ಬಸ್ಸಿನ ಹಿಂಬಾಗಿಲಿನಲ್ಲಿ ಬುಟ್ಟಿಯೇರಿಸುತ್ತಿದ್ದ ಆ ಹೆಂಗಸು. ಈ ವಾಕ್ಯವನ್ನು ನಾನು ಎಷ್ಟು ಸಲ ತಿದ್ದಿ ಬರೆದರೂ ಇದಕ್ಕಿಂತ ಹಗುರವಾಗುವುದಿಲ್ಲ.

ನಾನು ಅವಧಿಗೆ ಮುಂಚೆಯೇ ಕೆಲಸ ಬಿಟ್ಟ ವರ್ಷದ ಡಿಸೆಂಬರಿನಲ್ಲಿ ಮುಂಬೈಯವರು ಮತ್ತೆ ಬಂದರು. ನಡುವೆ ಕೆಲವು ಸಲ ಊರಿಗೆ ಬಂದಿದ್ದರೂ ಗುರಿಕಾರರ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಈ ಸಲ ನೇರವಾಗಿ ಅಂಗಳಕ್ಕೇ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಗುಡಿ ಮಾತ್ ಬಿಟ್ಟೆ. ಕಾಲೂ ಇಡುದಿಲ್ಲೆ,” ಎಂದರು. “ಅಪ್ಪಯ್ಯ ಹೋದ್ ಜಾಗ ಒಂದ್ಸಲ ಹತ್ರದಿಂದ ಕಾಣ್ಕ್.”

“ದೋಣಿ ನಿಲ್ಲತ್ತಿಲ್ಲೆ. ಲಂಗ್ರ್ ಇಲ್ಲೆ.”

“ನಿಲ್ಲದಿದ್ರೆ ಬೇಡ.”

ಗುರಿಕಾರರು ಹೆಂಡತಿಯ ಕಡೆ ನೋಡಿದರು. “ಟೀಚ್ರನ್ನೂ ಕರ್ಕಂಡ್ ಹೋಪ,” ಎಂದರು ಆಕೆ. “ಇವ್ರಿಬ್ರೇ ಹೋದ್ರೆ ಅಲ್ಲೂ ಸಭೆ ಮಾಡ್ತ್ರ್.”

ನಾಲ್ವರೂ ಹೋದೆವು. ಕಲ್ಲು ಇನ್ನೂ ದೂರವಿರುವಾಗಲೇ ಗುರಿಕಾರರು ಎಂಜಿನು ನಿಲ್ಲಿಸಿದರು. ಬಡಗಣದಿಂದ ತೆಂಕಣಕ್ಕೆ ನೀರಿನ ಎಳೆತವಿತ್ತು. ದೋಣಿ ತನ್ನಷ್ಟಕ್ಕೆ ತಾನೇ ಬಂಡೆಯ ಪಕ್ಕಕ್ಕೆ ಸರಿಯತೊಡಗಿತು. ಬಾವುಟದ ಕಂಬ ಎಂದೋ ಮುರಿದು ಹೋಗಿತ್ತು. ಬಂಡೆಯ ಮೇಲೆ ಹಕ್ಕಿಗಳು ಕುಳಿತೇ ಇದ್ದವು. ಒಂದೆರಡು ತಲೆಯೆತ್ತಿ ನೋಡಿ ಮತ್ತೆ ರೆಕ್ಕೆಯೊಳಗೆ ಕೊಕ್ಕು ತೂರಿಸಿದವು. ನೀರಿನಡಿಯಲ್ಲಿ ಹಳೆಯ ಗೀರುಗಳು ಅಳಿಸಿರಲಿಲ್ಲ. ಆದರೆ ಅವುಗಳ ಅಂಚುಗಳಲ್ಲಿ ಬಣ್ಣ ಬರತೊಡಗಿತ್ತು. ಒಂದು ಕಡಲಾಮೆ ನಮ್ಮ ಪಕ್ಕದಲ್ಲಿಯೇ ಮೇಲೆದ್ದು, ಉಸಿರೆಳೆದುಕೊಂಡು, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇಳಿಯಿತು.

ಮುಂಬೈಯವರು ದೋಣಿಯ ಅಂಚನ್ನು ಎರಡೂ ಕೈಗಳಿಂದ ಹಿಡಿದು ಬಗ್ಗಿದ್ದರು. ಏನೋ ಹೇಳಿಕೊಳ್ಳುತ್ತಿದ್ದರು, ನಾವು ಬೇರೆ ಕಡೆ ನೋಡಿದೆವು. ಆದರೆ ನೀರು ಕಾಯಲಿಲ್ಲ. ಬಂಡೆ ಹಿಂದಕ್ಕೆ ಸರಿಯಿತು, ಅಡಿಯ ಬಣ್ಣಗಳು ಮಸುಕಾಗಿ ಹಸಿರು ಆಳವಷ್ಟೇ ಉಳಿಯಿತು. ಅವರು ಇನ್ನೂ ಬಗ್ಗಿಯೇ ಇದ್ದರು.

“ಮುಗಿತಾ?” ಎಂದು ಕೇಳಿದರು, ಮಗುವಿನ ಹಾಗೆ.

ಗುರಿಕಾರರು ಎಂಜಿನಿನ ಹಗ್ಗವನ್ನೆಳೆದು, ಕಲ್ಲನ್ನು ದೂರದಿಂದ ಬಳಸಿ, ದೋಣಿಯನ್ನು ಮತ್ತೆ ಬಡಗಣ ದಿಕ್ಕಿಗೆ ತಂದು, ಎಂಜಿನು ನಿಲ್ಲಿಸಿದರು. ದೋಣಿ ಇನ್ನೊಮ್ಮೆ ಸರಿಯತೊಡಗಿತು.